35 ಸಾವಿರದ ಗಿಟಾರ್, ನಮ್ಮೂರ ಮತ್ತಿ ಮರ

ಒಂದು ಗಿಟಾರಿನ ಬೆಲೆ ಅರ್ಥವಾಗಬೇಕಾದರೆ ವನ್ಯಜೀವಿ ವ್ಯಾಪಾರದ ಒಪ್ಪಂದ, ಕೊರಿಯಾದ ಕಾರ್ಮಿಕರ ಧರಣಿ, ಜಿಎಸ್‌ಟಿ ದರಪಟ್ಟಿ ಎಲ್ಲವನ್ನೂ ಓದಬೇಕಾಗುತ್ತದೆ ಎಂದು ಎರಡು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಪದವಿ ಮುಗಿದಿದೆ. ಬೆಂಗಳೂರಿನ ಪಿ.ಜಿ.ಯಲ್ಲಿದ್ದುಕೊಂಡು ಬೆಳಿಗ್ಗೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತೇನೆ, ಸಂಜೆ ನಾಲ್ಕಾರು ಮಕ್ಕಳಿಗೆ ಗಿಟಾರ್ ಹೇಳಿಕೊಡುತ್ತೇನೆ. ಹಾಗೆ ಕೂಡಿಸಿದ 35 ಸಾವಿರ ರೂಪಾಯಿಯಲ್ಲಿ ಒಂದು ಹಾಲೊ ಬಾಡಿ ಎಲೆಕ್ಟ್ರಿಕ್ ಗಿಟಾರ್ ಕೊಳ್ಳುವ ಆಸೆ. ಅಂಗಡಿಗೆ ಹೋದರೆ ನೋಡಲು ಹೆಚ್ಚುಕಡಿಮೆ ಒಂದೇ ಥರದ ಗಿಟಾರುಗಳು. ಒಂದಕ್ಕೆ ನನ್ನ ಹತ್ತಿರ ಇರುವಷ್ಟು ದುಡ್ಡು, ಇನ್ನೊಂದಕ್ಕೆ ಲಕ್ಷಗಳ ಲೆಕ್ಕ. ನಾನು ಕೊಡುವ ದುಡ್ಡಿನಲ್ಲಿ ಮರಕ್ಕೆ ಎಷ್ಟು, ಕೂಲಿಗೆ ಎಷ್ಟು, ಹೆಸರಿಗೆ ಎಷ್ಟು ಎಂಬ ಪ್ರಶ್ನೆ ಅಲ್ಲಿಂದ ಶುರುವಾಯಿತು.

ಮೊದಲಿಗೆ ಒಂದು ಗೊಂದಲ. ನಮ್ಮ ಅಂಗಡಿಗಳಲ್ಲಿ 'ಸೆಮಿ ಅಕೌಸ್ಟಿಕ್ ಕೊಡಿ' ಎಂದರೆ ಸಾಮಾನ್ಯ ಅಕೌಸ್ಟಿಕ್ ಗಿಟಾರಿಗೆ ಪಿಕಪ್ಪು, ಪಕ್ಕದಲ್ಲಿ ವಾಲ್ಯೂಮ್ ಗುಂಡಿ ಕೂರಿಸಿದ್ದನ್ನು ತಂದಿಡುತ್ತಾರೆ. ನಾನು ಹೇಳುತ್ತಿರುವುದು ಅದಲ್ಲ. ಪಿಟೀಲಿಗೆ ಇರುವಂತೆ ಎದೆಯ ಮೇಲೆ ಎಫ್ ಆಕಾರದ ಎರಡು ಕಂಡಿ, ಒಳಗೆ ಟೊಳ್ಳು, ತಂತಿಯ ಕೆಳಗೆ ಆಯಸ್ಕಾಂತದ ಪಿಕಪ್. ಅದೇ ಹಾಲೊ ಬಾಡಿ. ಅಂಗಡಿಯವರ ಹತ್ತಿರ ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ಮೊಬೈಲಿನಲ್ಲಿ ಚಿತ್ರ ತೋರಿಸುವುದೇ ವಾಸಿ.

ಇದರಲ್ಲಿ ಎರಡು ಬಗೆ. ಬ್ಯಾಂಡುಗಳ ತುತ್ತೂರಿ, ಡ್ರಮ್ಮಿನ ನಡುವೆ ಗಿಟಾರಿನ ಸದ್ದೇ ಕೇಳದಿದ್ದ ಕಾಲದಲ್ಲಿ, 1936ರಲ್ಲಿ, ಅಮೆರಿಕದ ಗಿಬ್ಸನ್ ಕಂಪನಿ ಟೊಳ್ಳು ಗಿಟಾರಿಗೇ ಪಿಕಪ್ ಹಾಕಿ ಇಎಸ್-150 ಎಂದು ಮಾರಿತು. 1939ರಲ್ಲಿ ಬೆನ್ನಿ ಗುಡ್‌ಮನ್ ತಂಡ ಸೇರಿದ ಚಾರ್ಲಿ ಕ್ರಿಶ್ಚಿಯನ್ ಅದೇ ಮಾದರಿ ಹಿಡಿದು, ಗಿಟಾರನ್ನು ತಾಳ ಹಾಕುವ ಜಾಗದಿಂದ ಎದ್ದು ನಿಲ್ಲಿಸಿದ. 25ನೇ ವಯಸ್ಸಿಗೆ, 1942ರಲ್ಲಿ ತೀರಿಕೊಂಡ. ಪೂರ್ತಿ ಟೊಳ್ಳಾದ ಗಿಟಾರಿನ ಕಷ್ಟವೆಂದರೆ ಸ್ಪೀಕರಿನ ಸದ್ದು ಏರಿದಂತೆ ಮೈಯೆಲ್ಲ ಕಂಪಿಸಿ ಊಳಿಡತೊಡಗುತ್ತದೆ. ಅದಕ್ಕೆ 1958ರಲ್ಲಿ ಬಂದ ಇಎಸ್-335ರಲ್ಲಿ ನಡುವೆ ಉದ್ದಕ್ಕೆ ಮರದ ದಿಮ್ಮಿ ಕೂರಿಸಿದರು. ಇದು ಎರಡನೆಯ ಬಗೆ, ಸೆಮಿ ಹಾಲೊ. ಬೀಟಲ್ಸ್ ತಂಡದ ಲೆನನ್ 1969ರ ಜನವರಿಯಲ್ಲಿ ಲಂಡನ್ನಿನ ಮಹಡಿಯ ಮೇಲೆ ನುಡಿಸಿದ ಎಪಿಫೋನ್ ಕ್ಯಾಸಿನೊ ಹೊರಗಿನಿಂದ 335ರ ತಮ್ಮನ ಹಾಗೆ ಕಂಡರೂ ದಿಮ್ಮಿಯಿಲ್ಲದ ಪೂರ್ತಿ ಟೊಳ್ಳು. ಕಾಲೇಜು ಫೆಸ್ಟಿನ ದೊಡ್ಡ ಸ್ಪೀಕರುಗಳ ಮುಂದೆ ನಿಲ್ಲುವವರಿಗೆ ದಿಮ್ಮಿಯಿರುವುದೇ ಸರಿ. ಕೆಫೆಯಲ್ಲಿ, ಚರ್ಚಿನಲ್ಲಿ, ಕೋಣೆಯಲ್ಲಿ ಮೆಲ್ಲಗೆ ನುಡಿಸುವವರಿಗೆ ಟೊಳ್ಳೇ ಹಿತ. ಪಿ.ಜಿ. ವಾಸಿಗಳಿಗೆ ಇನ್ನೊಂದು ಲಾಭ: ಆಂಪ್ ಇಲ್ಲದೆಯೂ ನಮಗೆ ಸಾಕಾಗುವಷ್ಟು, ಪಕ್ಕದ ಮಂಚದವನ ನಿದ್ದೆ ಕೆಡದಷ್ಟು ಸದ್ದು ಬರುತ್ತದೆ.

ನಮ್ಮ ಅಪ್ಪ ಸಾಗರದ ಹತ್ತಿರ ಬಡಗಿ ಕೆಲಸ ಮಾಡುವವರು. ಗಿಟಾರಿನ ವಿವರಪಟ್ಟಿಯಲ್ಲಿ 'ಲ್ಯಾಮಿನೇಟೆಡ್ ಮೇಪಲ್' ಎಂದಿದ್ದುದನ್ನು ಫೋನಿನಲ್ಲಿ ಓದಿ ಹೇಳಿದೆ. "ಅಲ್ಲ ಮಾರಾಯಾ, ಅಂದ್ರೆ ಪ್ಲೈವುಡ್ಡು ತಾನೆ? ಪ್ಲೈವುಡ್ಡಿಗೆ 35 ಸಾವಿರ ಕೊಡ್ತೀಯಾ?" ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಅಕೌಸ್ಟಿಕ್ ಗಿಟಾರಾದರೆ ಅವರ ಮಾತು ಸರಿ. ಅಲ್ಲಿ ಎದೆಯ ಹಲಗೆ ಇಡೀ ಮರದ್ದೋ ಪದರದ್ದೋ ಎನ್ನುವುದರ ಮೇಲೆ ನಾದ ನಿಂತಿದೆ. ಹಾಲೊ ಎಲೆಕ್ಟ್ರಿಕ್ಕಿನಲ್ಲಿ ಮಾತ್ರ ಪದರದ ಹಲಗೆ ಅಗ್ಗದ ನಕಲಿನವರು ತಂದದ್ದಲ್ಲ. 1949ರಲ್ಲಿ ಬಂದ ಗಿಬ್ಸನ್ ಇಎಸ್-175 ಪದರದ ಮೇಪಲ್‌ನದೇ. ಲಕ್ಷಗಟ್ಟಲೆ ಬೆಲೆಯ 335ರ ಮೈ ಇವತ್ತಿಗೂ ಮೇಪಲ್, ಪಾಪ್ಲರ್ ಪದರಗಳನ್ನು ಅಂಟಿಸಿ ಒತ್ತಿದ್ದು. ಪಿಕಪ್ ಹಾಕಿದ ಮೇಲೆ ಹಲಗೆ ತೀರಾ ಕಂಪಿಸದಿರುವುದೇ ಒಳ್ಳೆಯದು, ಊಳಿಡುವುದು ಕಡಿಮೆಯಾಗುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಪದರದ ಹಲಗೆ ಬಿರಿಯುವ ಭಯವೂ ಕಡಿಮೆ. ಇಡೀ ಮರವನ್ನು ಕೆತ್ತಿ ಮಾಡುವ ದುಬಾರಿ ಜಾಜ್ ಗಿಟಾರುಗಳ ಮಾತು ಬೇರೆ. ಅವು ನಮ್ಮ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಸಣ್ಣ ಬಜೆಟ್ಟಿನವರು ಅಕೌಸ್ಟಿಕ್ ಕೊಂಡರೆ ಕಳೆದುಕೊಳ್ಳುವಷ್ಟನ್ನು ಹಾಲೊ ಎಲೆಕ್ಟ್ರಿಕ್ ಕೊಂಡರೆ ಕಳೆದುಕೊಳ್ಳುವುದಿಲ್ಲ. ಅಗ್ಗದ್ದಕ್ಕೂ ದುಬಾರಿಯದಕ್ಕೂ ಇರುವ ದೊಡ್ಡ ಅಂತರ ಮರದ್ದಲ್ಲ, ಕೈಕೆಲಸದ್ದು.

ಹಾಗಾದರೆ ಆ ಕೈ ಯಾರದು? ಸಾಲಿಡ್ ಎಲೆಕ್ಟ್ರಿಕ್ ಗಿಟಾರನ್ನು ಒಂದು ಹಲಗೆಯಿಂದ ಕಂಪ್ಯೂಟರ್ ಯಂತ್ರವೇ ಬಹುಪಾಲು ಕೊರೆದು ಕೊಡುತ್ತದೆ. ಟೊಳ್ಳು ಗಿಟಾರಿಗೆ ಪಕ್ಕೆಗಳನ್ನು ಬಾಗಿಸಬೇಕು, ಅಂಟಿಸಬೇಕು, ಅಂಚಿಗೆ ಪಟ್ಟಿ ಕೂರಿಸಬೇಕು, ಎಫ್ ಕಂಡಿಯ ಮೂಲಕವೇ ತಂತಿ ಹಾಯಿಸಬೇಕು. ಕೂಲಿಯ ಪಾಲು ಹೆಚ್ಚು. ಅದಕ್ಕೇ ಈ ಗಿಟಾರು ಕಡಿಮೆ ಕೂಲಿಯ ದೇಶ ಹುಡುಕಿಕೊಂಡು ಊರೂರು ಅಲೆದಿದೆ. 1957ರಲ್ಲಿ ಗಿಬ್ಸನ್ ಒಡೆತನಕ್ಕೆ ಬಂದ ಎಪಿಫೋನ್ 1970ರಲ್ಲಿ ಅಮೆರಿಕದಿಂದ ಜಪಾನಿಗೆ, 80ರ ದಶಕದಲ್ಲಿ ಕೊರಿಯಾಕ್ಕೆ, ಆಮೇಲೆ ಚೀನಾಕ್ಕೆ ಹೋಯಿತು. ಜಪಾನಿನ ಐಬನೆಜ್ ಕಂಪನಿ 2002ರಲ್ಲಿ ಶುರು ಮಾಡಿದ ಆರ್ಟ್‌ಕೋರ್ ಸರಣಿ ಚೀನಾದಲ್ಲೇ ಆಗುವಂಥದು. ಗ್ರೆಚ್ ಕಂಪನಿಯ ಅಗ್ಗದ ಸ್ಟ್ರೀಮ್‌ಲೈನರ್ ಬಂದದ್ದು ಇಂಡೊನೇಷ್ಯಾದಿಂದ.

ಕಾರ್ಖಾನೆ ಹೊರಟು ಹೋದ ಊರಿನಲ್ಲಿ ಏನಾಗುತ್ತದೆ ಎನ್ನುವುದಕ್ಕೆ ಕಾರ್ಟ್ ಕಂಪನಿಯ ಪ್ರಕರಣ ಇದೆ. ತನ್ನ ಹೆಸರಿನಲ್ಲಷ್ಟೇ ಅಲ್ಲದೆ ಬೇರೆ ದೊಡ್ಡ ಬ್ರ್ಯಾಂಡುಗಳಿಗೂ ಗಿಟಾರ್ ಮಾಡಿಕೊಡುವ ಕೊರಿಯಾದ ಕಂಪನಿ ಇದು. 2007ರಲ್ಲಿ ಅಲ್ಲಿನ ಕಾರ್ಖಾನೆಗಳ ಕೆಲಸಗಾರರನ್ನು ತೆಗೆದು ಉತ್ಪಾದನೆಯನ್ನು ಇಂಡೊನೇಷ್ಯಾ, ಚೀನಾದ ಕಡೆಗೆ ಒಯ್ದಿತು. ಕೆಲಸ ಕಳೆದುಕೊಂಡವರು ಕೋರ್ಟಿಗೆ ಹೋದರು, ಧರಣಿ ಕೂತರು, ಉಪವಾಸ ಮಾಡಿದರು. ಜೀವನವಿಡೀ ಗಿಟಾರ್ ಮಾಡಿದರೂ ನುಡಿಸಲು ಬಾರದಿದ್ದ ಅವರಲ್ಲಿ ಕೆಲವರು ಧರಣಿಯ ನಡುವೆಯೇ ಕಲಿತು ಒಂದು ಬ್ಯಾಂಡ್ ಕಟ್ಟಿದರು. 2019ರ ಏಪ್ರಿಲ್‌ನಲ್ಲಿ ಒಪ್ಪಂದವಾಗುವಾಗ 12 ವರ್ಷ ಕಳೆದಿತ್ತು. ಕೆಲಸಕ್ಕೆ ಅರ್ಜಿ ಹಾಕಿ ಕಾಯುತ್ತಿರುವ ನಮ್ಮಂಥವರಿಗೆ ಆ 12 ವರ್ಷದ ಭಾರ ಸ್ವಲ್ಪ ಹೆಚ್ಚೇ ಗೊತ್ತಾಗುತ್ತದೆ. ಹಾಗೆಂದು ಇಂಡೊನೇಷ್ಯಾದ್ದು ಕೊಳ್ಳಬಾರದು ಎಂದು ನಾನು ಹೇಳುವುದಿಲ್ಲ. ಅಲ್ಲಿ ಮರ ಉಜ್ಜುವವನೂ ಬಡಗಿಯೇ, ಅಪ್ಪನ ಹಾಗೆ. 'ಅಲ್ಲಿ ಆದದ್ದು ಕಳಪೆ' ಎಂದು ಮೂಗು ಮುರಿಯುವವರ ಮಾತನ್ನು ಮಾತ್ರ ನಾನು ನಂಬುವುದಿಲ್ಲ. ಒಂದು ಕಾಲದಲ್ಲಿ ಜಪಾನಿನ ಗಿಟಾರಿಗೂ, ಆಮೇಲೆ ಕೊರಿಯಾದ್ದಕ್ಕೂ ಹೀಗೇ ಹೇಳುತ್ತಿದ್ದರು. ಈಗ ಅವೇ ಹಳೆಯ ಗಿಟಾರುಗಳನ್ನು ಹುಡುಕಿಕೊಂಡು ಕೊಳ್ಳುತ್ತಾರೆ.

ಮರದ ಕತೆ ನಮ್ಮ ಕಾಡಿನವರೆಗೆ ಬರುತ್ತದೆ. ಬ್ರೆಜಿಲ್ ತನ್ನ ರೋಸ್‌ವುಡ್ ದಿಮ್ಮಿಯನ್ನು ಹೊರಗೆ ಕಳಿಸುವುದು ನಿಲ್ಲಿಸಿದ ಮೇಲೆ, 60ರ ದಶಕದ ಕೊನೆಯಿಂದ, ಜಗತ್ತಿನ ಗಿಟಾರ್ ಕಂಪನಿಗಳು ಭಾರತದ ರೋಸ್‌ವುಡ್ಡಿಗೆ ಬಂದವು. ಅದು ನಮ್ಮ ಬೀಟೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅದನ್ನು ಮುಟ್ಟುವ ಹಾಗಿಲ್ಲ ಎಂದು ಮಲೆನಾಡಿನ ಮಕ್ಕಳಿಗೂ ಗೊತ್ತು. 2011ರ ಆಗಸ್ಟ್‌ನಲ್ಲಿ ಅಮೆರಿಕದ ಕೇಂದ್ರ ಅಧಿಕಾರಿಗಳು ಗಿಬ್ಸನ್ ಕಾರ್ಖಾನೆಗಳ ಮೇಲೆ ದಾಳಿ ಮಾಡಿ ವಶಪಡಿಸಿಕೊಂಡದ್ದರಲ್ಲಿ ಭಾರತದಿಂದ ಹೋದ ಮರ ಇತ್ತು. ಅಷ್ಟು ದಪ್ಪದ ಫಿಂಗರ್‌ಬೋರ್ಡ್ ಪಟ್ಟಿ ನಮ್ಮ ರಫ್ತು ಕಾನೂನಿನ ಪ್ರಕಾರ ಸರಿಯೋ ತಪ್ಪೋ ಎಂಬುದೇ ತಕರಾರು. ಮರುವರ್ಷ ಕಂಪನಿ 3 ಲಕ್ಷ ಡಾಲರ್ ದಂಡಕ್ಕೆ ಒಪ್ಪಿ ರಾಜಿ ಮಾಡಿಕೊಂಡಿತು. ಆದರೆ ಆ ದಂಡದ ಮುಖ್ಯ ಕಾರಣ ಮಡಗಾಸ್ಕರಿನ ಕರಿಮರ; ಭಾರತದ ಮರ ಕಂಪನಿಗೆ ವಾಪಸ್ ಸಿಕ್ಕಿತು.

ಪರೀಕ್ಷೆಗೆ ಓದುವವರು ಸೈಟಿಸ್ ಎಂಬ ಹೆಸರನ್ನು ಉರು ಹೊಡೆದಿರುತ್ತೀರಿ: 1973ರಲ್ಲಿ ಸಹಿ, 1975ರಲ್ಲಿ ಜಾರಿ, 1976ರಲ್ಲಿ ಭಾರತ ಸದಸ್ಯ. ಅದೇ ಒಪ್ಪಂದ 2017ರ ಜನವರಿ 2ರಿಂದ ಬೀಟೆಯ ಇಡೀ ಕುಲವನ್ನು ಎರಡನೇ ಅನುಬಂಧಕ್ಕೆ ಸೇರಿಸಿತು. ಗಡಿ ದಾಟುವ ಪ್ರತಿ ಸರಕಿಗೂ ಕಾಗದಪತ್ರ. ಕಂಪನಿಗಳು ಬೇರೆ ಮರ ಹುಡುಕಿದವು. 2019ರಲ್ಲಿ ಜಿನೀವಾ ಸಭೆ ಸಿದ್ಧ ವಾದ್ಯಗಳಿಗೆ ವಿನಾಯಿತಿ ಕೊಟ್ಟರೂ ಅಗ್ಗದ ಗಿಟಾರುಗಳಲ್ಲಿ ಬದಲಿ ಮರವೇ ಉಳಿದುಕೊಂಡಿದೆ. ಎಪಿಫೋನ್, ಗ್ರೆಚ್‌ನ ಅನೇಕ ಮಾದರಿಗಳ ವಿವರದಲ್ಲಿ ಈಗ 'ಲಾರೆಲ್' ಅಥವಾ 'ಇಂಡಿಯನ್ ಲಾರೆಲ್' ಎಂದು ಇರುತ್ತದೆ. ಯಾವುದಪ್ಪಾ ಈ ಶೋಕಿ ಮರ ಎಂದು ಸಸ್ಯಶಾಸ್ತ್ರದ ಹೆಸರು ಹುಡುಕಿದರೆ, ಟರ್ಮಿನೇಲಿಯ ಎಲಿಪ್ಟಿಕ. ನಮ್ಮ ಮತ್ತಿ! ಮೊಸಳೆ ಬೆನ್ನಿನ ಹಾಗೆ ಸೀಳುಸೀಳಾದ ತೊಗಟೆಯ ಮತ್ತಿ ಮರ. ಅಪ್ಪ ಎಷ್ಟು ಮನೆಗಳಿಗೆ ಅದರ ತೊಲೆ ಕೂರಿಸಿಲ್ಲ. ಗಿಟಾರಿಗೆ ಹೋಗುವ ಮತ್ತಿ ನಮ್ಮ ಕಾಡಿನದೇ ಎನ್ನುತ್ತಿಲ್ಲ, ಆಗ್ನೇಯ ಏಷ್ಯಾದಲ್ಲೂ ಅದು ಬೆಳೆಯುತ್ತದೆ. 'ಲಾರೆಲ್ ಇದ್ದರೆ ಬೇಡ, ರೋಸ್‌ವುಡ್ಡೇ ಬೇಕು' ಎಂದು ಐದಾರು ಸಾವಿರ ಹೆಚ್ಚು ಕೊಡುವ ಮೊದಲು ಮಲೆನಾಡಿನ ಬಡಗಿಯೊಬ್ಬರನ್ನು ಕೇಳಿ ಎನ್ನುತ್ತೇನೆ. ಬಣ್ಣ ಸ್ವಲ್ಪ ಪೇಲವ, ಒಮ್ಮೊಮ್ಮೆ ಒಣಗಿದಂತೆ ಕಾಣುತ್ತದೆ. ಎಣ್ಣೆ ಸವರಿದರೆ ಆಯಿತು.

ಇನ್ನು ಹೆಸರಿನ ಬೆಲೆ. 2018ರ ಮೇ 1ರಂದು ಗಿಬ್ಸನ್ ದಿವಾಳಿ ರಕ್ಷಣೆ ಕೋರಿ ಕೋರ್ಟಿಗೆ ಹೋಯಿತು. ಗಿಟಾರಿನ ವ್ಯಾಪಾರದಿಂದ ಮುಳುಗಿದ್ದಲ್ಲ. ಸಾಲ ಮಾಡಿ ಫಿಲಿಪ್ಸ್‌ನ ಆಡಿಯೊ ವಿಭಾಗದಂಥವನ್ನು ಕೊಂಡು ತಲೆಯ ಮೇಲೆ ಹಾಕಿಕೊಂಡ ಭಾರ. ಅದೇ ವರ್ಷದ ಕೊನೆಗೆ ಹೊಸ ಒಡೆಯರೊಂದಿಗೆ ಹೊರಬಂತು. ಗ್ರೆಚ್ ಗಿಟಾರುಗಳನ್ನು 2002ರಿಂದ ತಯಾರಿಸಿ ಮಾರುತ್ತಿರುವುದು ಫೆಂಡರ್. ಹೆಸರು ಒಬ್ಬರದು, ಕಾರ್ಖಾನೆ ಇನ್ನೊಬ್ಬರದು, ಸಾಲ ಮತ್ತೊಬ್ಬರದು. ತಲೆಯ ಮೇಲೆ ಬರೆದ ಅಕ್ಷರಕ್ಕೆ ದುಡ್ಡು ಕೊಡುವಾಗ ಇಷ್ಟಾದರೂ ಗೊತ್ತಿರಲಿ.

ಸರ್ಕಾರಗಳ ಪಾಲೂ ಇದೆ. ಎಲೆಕ್ಟ್ರಿಕ್ ಗಿಟಾರಿಗೆ ಜಿಎಸ್‌ಟಿ ಬಂದಾಗ ಶೇ 28. 2017ರ ನವೆಂಬರಿನಲ್ಲಿ ಶೇ 18ಕ್ಕೆ ಇಳಿಯಿತು. ಹೊರಗಿನಿಂದ ಬಂದದ್ದಾದರೆ ಮೊದಲು ಆಮದು ಸುಂಕ, ಅದನ್ನೂ ಸೇರಿಸಿದ ಮೊತ್ತದ ಮೇಲೆ ಈ ತೆರಿಗೆ. ವಿದೇಶದ ಜಾಲತಾಣದ ಬೆಲೆಯನ್ನು ರೂಪಾಯಿಗೆ ಗುಣಿಸಿ 'ಅಂಗಡಿಯವನು ಸುಲಿಯುತ್ತಾನೆ' ಎನ್ನುವ ಗೆಳೆಯರಿಗೆ ಈ ಲೆಕ್ಕ ಹೇಳಿ. ನಮ್ಮಲ್ಲೇ ಏಕೆ ಮಾಡಬಾರದು ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಕೋಲ್ಕತ್ತದಲ್ಲಿ ಗಿವ್‌ಸನ್, ಹಾಬ್ನರ್‌ನಂಥ ತಯಾರಕರಿದ್ದಾರೆ. ನಮ್ಮಲ್ಲಿ ಎಷ್ಟೋ ಜನರ ಮೊದಲ ಗಿಟಾರ್ ಅಲ್ಲಿಯದೇ. ವಿಶ್ವಮೋಹನ ಭಟ್ಟರ ಮೋಹನ ವೀಣೆ ಮೂಲದಲ್ಲಿ ಮಾರ್ಪಡಿಸಿದ ಉಬ್ಬೆದೆಯ ಗಿಟಾರೇ. ಮರ, ಕೈ, ಕಿವಿ ಮೂರೂ ಇವೆ. ಬಂಡವಾಳ ಹಾಕಿ ಕಾಯುವವರು ಬೇಕು. 2025ರ ಆಗಸ್ಟಿನಲ್ಲಿ ಅಮೆರಿಕ ನಮ್ಮ ಸರಕಿನ ಮೇಲಿನ ಸುಂಕವನ್ನು ಶೇ 50ಕ್ಕೆ ಏರಿಸಿದಾಗ ಇಂಡೊನೇಷ್ಯಾಕ್ಕೆ ಇದ್ದದ್ದು ಶೇ 19. ಆ ಸ್ಥಿತಿಯಲ್ಲಿ ಗಿಟಾರ್ ಕಾರ್ಖಾನೆ ತೆರೆಯಲು ಯಾರು ಮುಂದೆ ಬಂದಾರು?

ಕೊಳ್ಳುವ ಮಾತಿಗೆ ಬಂದರೆ, 'ನೋ ಕಾಸ್ಟ್ ಇಎಂಐ' ಫಲಕ ನೋಡಿ ಬಜೆಟ್ ಏರಿಸಬೇಡಿ. ಕ್ರೆಡಿಟ್ ಕಾರ್ಡಿನ ಇಂಥ ಕಂತುಗಳಲ್ಲಿ ಬಡ್ಡಿ ಇರುತ್ತದೆ, ಅಷ್ಟನ್ನು ರಿಯಾಯಿತಿಯ ಹೆಸರಿನಲ್ಲಿ ಮೊದಲೇ ಕಳೆದಿರುತ್ತಾರೆ. ಬಡ್ಡಿಯ ಮೇಲಿನ ಜಿಎಸ್‌ಟಿ, ಸಂಸ್ಕರಣಾ ಶುಲ್ಕ ನಮ್ಮ ತಲೆಗೇ. ಸಂಬಳ ಇನ್ನೂ ಶುರುವಾಗದವರಿಗೆ ಅದು ಬೇಡದ ಉಸಾಬರಿ. ನಾನು 35 ಸಾವಿರವನ್ನು ಪೂರ್ತಿ ಗಿಟಾರಿಗೆ ಹಾಕುತ್ತಿಲ್ಲ. ಆರ್ಟ್‌ಕೋರ್‌ನ ಕೆಳಗಿನ ಮಾದರಿಯೊಂದಕ್ಕೋ ಸೆಕೆಂಡ್ ಹ್ಯಾಂಡಿಗೋ ಹೋಗಿ, ಎರಡು ಮೂರು ಸಾವಿರ ಸೆಟಪ್ಪಿಗೆ ಇಡುತ್ತೇನೆ. ಫ್ರೆಟ್ ತುದಿ ಉಜ್ಜಿ, ತಂತಿ ಎತ್ತರ ಸರಿ ಮಾಡಿದ ಅಗ್ಗದ ಗಿಟಾರು ಸೆಟಪ್ ಇಲ್ಲದ ದುಬಾರಿಯದಕ್ಕಿಂತ ಚೆನ್ನಾಗಿ ನುಡಿಯುತ್ತದೆ.

ಸೆಕೆಂಡ್ ಹ್ಯಾಂಡ್ ನೋಡುವಾಗ ಕೇಬಲ್ ನೀವೇ ತೆಗೆದುಕೊಂಡು ಹೋಗಿ. ಸಿಕ್ಕಿಸಿ ಅಲ್ಲಾಡಿಸಿ, ಎಲ್ಲ ಗುಂಡಿ ತಿರುಗಿಸಿ. ಕರಕರ ಸದ್ದು ಬಂದರೆ ಬೆಲೆ ಇಳಿಸಿ ಕೇಳಿ, ಏಕೆಂದರೆ ಈ ಗಿಟಾರಿಗೆ ಹಿಂಬದಿಯ ಮುಚ್ಚಳ ಸಾಮಾನ್ಯವಾಗಿ ಇರುವುದಿಲ್ಲ. ಒಳಗಿನ ಭಾಗಗಳನ್ನೆಲ್ಲ ಎಫ್ ಕಂಡಿಯಿಂದ ದಾರ ಕಟ್ಟಿ ಎಳೆದು, ಮತ್ತೆ ದಾರ ಕಟ್ಟಿಯೇ ಒಳಗೆ ಕೂರಿಸಬೇಕು. ರಿಪೇರಿಯವರು ಅದಕ್ಕೆ ಹೆಚ್ಚು ಕೇಳುತ್ತಾರೆ, ಕೇಳುವುದು ನ್ಯಾಯವೂ ಹೌದು. ಪೂರ್ತಿ ಟೊಳ್ಳಿನದಾದರೆ ತಂತಿಗಳನ್ನೆಲ್ಲ ಒಟ್ಟಿಗೆ ಬಿಚ್ಚಬೇಡಿ. ಬರೀ ತಂತಿಯ ಒತ್ತಡಕ್ಕೆ ನಿಂತಿರುವ ಬ್ರಿಡ್ಜ್ ಇದ್ದರೆ ಜಾಗ ಬಿಟ್ಟು ಕೈಗೇ ಬರುತ್ತದೆ. ಒಂದೊಂದಾಗಿ ಬದಲಿಸಿ. ಅಪ್ಪನಿಗೆ ಫೋಟೊ ಕಳಿಸಿದ್ದೆ. "ಕುತ್ತಿಗೆ ಸೇರೋ ಜಾಗದಲ್ಲಿ ಸೀಳು ಬಿಟ್ಟಿದ್ಯಾ ನೋಡು, ಅಂಟು ಉಕ್ಕಿದ್ಯಾ ನೋಡು, ಬಾಕಿದ್ದು ನಾ ಬಂದಾಗ ನೋಡ್ತೆ" ಎಂದಿದ್ದಾರೆ.