ಮಣ್ಣಿಗೆ ಹಾಕಿದ ದುಡ್ಡೇ ಮನೆ ಕಾಯೋದು

ಮೊನ್ನೆ ಹದಡಿ ರಸ್ತೆಯ ಸಿಟಿ ಬಸ್ಸಿನಲ್ಲಿ ನಮ್ಮ ಮುಂದಿನ ಸೀಟಿನಲ್ಲಿ ಇಬ್ಬರು ಮಾತಾಡುತ್ತಿದ್ದರು. ಒಬ್ಬರು ಮಂಡಿಪೇಟೆಯಲ್ಲಿ ಅಂಗಡಿ ಇಟ್ಟವರು. 30-40 ಸೈಟಿನಲ್ಲಿ ಮನೆ ಎಬ್ಬಿಸುತ್ತಿದ್ದಾರೆ. ಮುಂಭಾಗಕ್ಕೆ ಯಾವ ಟೈಲ್ಸು, ಬಾಗಿಲಿಗೆ ಯಾವ ಊರಿನ ಸಾಗುವಾನಿ, ಗೃಹಪ್ರವೇಶಕ್ಕೆ ಎಷ್ಟು ಜನದ ಊಟ, ಎಲ್ಲವೂ ಅವರ ನಾಲಿಗೆ ತುದಿಯಲ್ಲಿತ್ತು. ಪಕ್ಕದವರು ಕೇಳಿದರು: “ಪಾಯ ಎಷ್ಟು ಆಳ ತೆಗೆಸಿದ್ರಿ?” “ಅದು ನಮಗೇನು ಗೊತ್ತಾಗುತ್ರೀ? ಮೇಸ್ತ್ರಿ ನೋಡ್ಕೊಂತಾನೆ ಬಿಡ್ರಿ!”

ನಮಗೆ ಎದೆ ಧಸಕ್ಕೆಂದಿತು. ಅಂಗಡಿಯಲ್ಲಿ ನೂರು ಗ್ರಾಂ ಜೀರಿಗೆಯನ್ನೂ ತೂಗಿ ಕೊಡುವ ಮನುಷ್ಯ, ಜೀವಮಾನದ ದುಡಿಮೆಯನ್ನು ಸುರಿದ ಜಾಗದಲ್ಲಿ ಮಾತ್ರ ತೂಕವೂ ಇಲ್ಲ, ಅಳತೆಯೂ ಇಲ್ಲ!

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದರು ಹಿರಿಯರು. ಎರಡೂ ಒಂದೇ ಅಲ್ಲ ಸ್ವಾಮಿ. ಮದುವೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೆ ಅದು ಒಂದು ದಿನದ ಮಾತು. ಪಾಯ ಕಡಿಮೆಯಾದರೆ ಮಕ್ಕಳ ಕಾಲದವರೆಗೂ ಮಾತು. ನಾವು ಹೇಳುವುದು ಇಷ್ಟೇ: ಕಣ್ಣಿಗೆ ಕಾಣುವುದನ್ನು ಮುಂದೆ ಯಾವಾಗ ಬೇಕಾದರೂ ಮಾಡಿಸಬಹುದು. ಟೈಲ್ಸನ್ನು ಐದು ವರ್ಷ ಬಿಟ್ಟು ಹಾಕಿಸಿ, ಯಾರೂ ಕೇಳುವುದಿಲ್ಲ. ಮಣ್ಣೊಳಗೆ, ಗೋಡೆಯೊಳಗೆ, ಬೀರುವಿನೊಳಗೆ ಅಡಗಿಕೊಳ್ಳುವ ಕೆಲಸವನ್ನು ಮಾತ್ರ ಮೊದಲೇ ಸರಿಯಾಗಿ ಮಾಡಬೇಕು. ಆಮೇಲೆ ಮಾಡಲು ಬರುವುದಿಲ್ಲ.

ಬೀರುವಿನೊಳಗಿನದು ಎಂದರೆ ಕಾಗದ. “ಎಲ್ಲಾ ಕ್ಲಿಯರ್ ಐತಿ ಅಣ್ಣಾ” ಎಂಬ ಬ್ರೋಕರ್ ಮಾತು ಕಾಗದವಲ್ಲ. ಹೊಲಕ್ಕೆ ಭೂ ಪರಿವರ್ತನೆ ಆದೇಶ ಆಗಿದೆಯೇ? ಲೇಔಟಿನ ನಕ್ಷೆಗೆ ಮಂಜೂರಾತಿ ಇದೆಯೇ? 30 ವರ್ಷದ ಋಣಭಾರ ಪತ್ರ ತೆಗೆಸಿದಿರಾ? ಖಾತೆ ಇದೆ ಎಂದು ಬೀಗಬೇಡಿ. ಖಾತೆ ಕಂದಾಯ ಕಟ್ಟುವವರ ಹೆಸರು ಹೇಳುತ್ತದೆ. ಮಾಲೀಕತ್ವವನ್ನು ಹೇಳುವುದು ಕ್ರಯಪತ್ರ ಮತ್ತು ಅದರ ಹಿಂದಿನ ಮೂಲ ಪತ್ರಗಳು. ಜಿ.ಪಿ.ಎ. ಮೇಲೆ ಸೈಟು ಕೊಂಡರೆ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ. ಇನ್ನೊಂದು, ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿ ಇಲ್ಲದೆ ಕೊಂಡರೆ 1978ರ ಕಾಯ್ದೆಯಂತೆ ಆ ಕ್ರಯವೇ ಅಸಿಂಧು. ಜಮೀನು ವಾಪಸು ಹೋಗುತ್ತದೆ, ಕಟ್ಟಿದವನು ಬೀದಿಗೆ ಬರುತ್ತಾನೆ. ಅಡ್ವಾನ್ಸು ಕೊಡುವ ಮೊದಲು ಒಬ್ಬ ವಕೀಲರಿಗೆ ಫೀಸು ಕೊಟ್ಟು ಕಾಗದ ತೋರಿಸಿ. ಆ ಫೀಸು ಉಳಿಸಿ ಸೈಟು ಕಳೆದುಕೊಂಡವರು ಕೋರ್ಟಿನ ಕಟ್ಟೆಯ ಮೇಲೆ ಸಿಗುತ್ತಾರೆ, ಮಾತಾಡಿಸಿ ನೋಡಿ.

ಇನ್ನು ಮಣ್ಣು. ನಮ್ಮ ಊರಿನ ಸುತ್ತ ಎಷ್ಟೋ ಬಡಾವಣೆ ಎದ್ದಿರುವುದು ನಿನ್ನೆ ಮೊನ್ನೆಯವರೆಗೆ ಭದ್ರಾ ನಾಲೆಯ ನೀರು ಕುಡಿದ ಗದ್ದೆಗಳಲ್ಲಿ. ಅಲ್ಲಿ ಬಹಳ ಕಡೆ ಎರೆ ಮಣ್ಣು. ಎರೆಯ ಗುಣ ರೈತನಿಗೆ ಗೊತ್ತು: ನೀರು ಬಿದ್ದರೆ ಉಬ್ಬುತ್ತದೆ, ಬಿಸಿಲು ಬಿದ್ದರೆ ಕುಗ್ಗಿ ಬಾಯಿ ಬಿಡುತ್ತದೆ. ಅದರ ಮೇಲೆ ಕೂತ ಮನೆಯೂ ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. ಮೂರನೇ ಬೇಸಿಗೆಗೆ ಕಿಟಕಿಯ ಮೂಲೆಯಿಂದ ಬಿರುಕು ಓರೆಯಾಗಿ ಹೊರಡುತ್ತದೆ. ಆಗ ಎಷ್ಟು ಪುಟ್ಟಿ ಬಳಿದರೂ ವ್ಯರ್ಥ.

ಬೇಸಿಗೆಯಲ್ಲಿ ನಿಮ್ಮ ಸೈಟಿಗೆ ಹೋಗಿ, ನೆಲದ ಬಿರುಕಿಗೆ ಒಂದು ಕೋಲು ಇಳಿಸಿ. ಕೋಲು ಎಷ್ಟು ಇಳಿಯಿತೋ ಅದಕ್ಕಿಂತ ಕೆಳಗೆ, ಗಟ್ಟಿ ನೆಲ ಸಿಗುವವರೆಗೆ ಪಾಯ ಹೋಗಬೇಕು. “ಪಕ್ಕದ ಮನೇರು ನಾಲ್ಕೇ ಅಡಿ ತೆಗೆಸ್ಯಾರ” ಎಂಬ ಲೆಕ್ಕ ಬೇಡ. ಎರೆ ಬಹಳ ಆಳವಿದ್ದರೆ ಬುಡದಲ್ಲಿ ಉಬ್ಬಿದ ಪೈಲ್ ಹಾಕುವ ವಿಧಾನ ಇದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ನೆಲಕ್ಕೆಂದೇ ರೂಪಿಸಿದ್ದು. ಆಳದ ಎರೆಯಲ್ಲಿ ಅದು ಕಡಿಮೆಯೆಂದರೂ ಮೂರೂವರೆ ಮೀಟರ್ ಇಳಿಯಬೇಕು. ಮಣ್ಣು ನೋಡಿ ಯಾವುದು ಬೇಕೆಂದು ಹೇಳಬೇಕಾದವನು ಎಂಜಿನಿಯರು. ಪಾಯದಿಂದ ತೆಗೆದ ಎರೆಯನ್ನೇ ಮತ್ತೆ ಮನೆಯೊಳಗೆ ತುಂಬಿಸಬೇಡಿ. ಗರಸು ತರಿಸಿ, ಪದರ ಪದರವಾಗಿ ನೀರು ಹಾಕಿ ದಿಮ್ಮಸು ಹೊಡೆಸಿ. ಇಲ್ಲವಾದರೆ ಗ್ರಾನೈಟ್ ನೆಲ ಎರಡೇ ವರ್ಷಕ್ಕೆ ತಗ್ಗು ಬೀಳುತ್ತದೆ.

ಗುರುತು ಹಾಕುವ ದಿನ ನೀವೇ ಟೇಪು ಹಿಡಿಯಿರಿ. 30-40 ಸೈಟಿನ ನಾಲ್ಕು ಮೂಲೆಯೂ ನೇರವಿದ್ದರೆ ಮೂಲೆಯಿಂದ ಎದುರು ಮೂಲೆಗೆ ಸರಿಯಾಗಿ 50 ಅಡಿ ಬರಬೇಕು. ಎರಡು ಕಡೆಯಿಂದಲೂ ಅಳೆಯಿರಿ. ಒಂದು 49, ಇನ್ನೊಂದು 51 ಬಂದರೆ ಸೈಟು ಓರೆ ಎಂದರ್ಥ. ನೆರೆಯವರ ಜೊತೆ ಜಗಳ ಹುಟ್ಟುವುದು ಅಲ್ಲೇ.

ಕಂಬಿಯ ವಿಷಯದಲ್ಲಿ ವ್ಯಾಪಾರಸ್ಥರಿಗೆ ನಾವು ಹೇಳಿಕೊಡಬೇಕಾದ್ದಿಲ್ಲ, ತಕ್ಕಡಿ ನಿಮ್ಮ ಕೈಯಲ್ಲೇ ಇದೆ. 12 ಎಂ.ಎಂ. ಕಂಬಿ 12 ಮೀಟರ್ ಉದ್ದಕ್ಕೆ ಸುಮಾರು 10 ಕೆ.ಜಿ. 660 ಗ್ರಾಂ ತೂಗಬೇಕು, 8 ಎಂ.ಎಂ. ಆದರೆ ಸುಮಾರು 4 ಕೆ.ಜಿ. 740 ಗ್ರಾಂ. ಸ್ವಲ್ಪ ಹೆಚ್ಚುಕಡಿಮೆ ನಡೆಯುತ್ತದೆ, ಕೆ.ಜಿ.ಗಟ್ಟಲೆ ಕಡಿಮೆ ಬಂದರೆ ಕಂಬಿ ಸಣ್ಣದು. ಮೋಲ್ಡ್ ಹಾಕುವ ಮುಂಚೆ ಕಂಬಿಯ ಕೆಳಗೆ ಬಗ್ಗಿ ನೋಡಿ. ಕವರ್ ಬ್ಲಾಕ್ ಇಟ್ಟು ಕಂಬಿಯನ್ನು ಹಲಗೆಯಿಂದ 20 ಎಂ.ಎಂ. ಮೇಲೆತ್ತಿರಬೇಕು. ಕಂಬಗಳಲ್ಲಿ ಆ ಅಂತರ 40 ಎಂ.ಎಂ. ಜಲ್ಲಿ ಚೂರು ಸಿಕ್ಕಿಸಿ ಕೈ ತೊಳೆದುಕೊಂಡರೆ ಒಪ್ಪಬೇಡಿ. ಕಂಬಿ ಹೊರಮೈಗೆ ಹತ್ತಿರವಾದರೆ ತುಕ್ಕು ಹಿಡಿದು ಉಬ್ಬುತ್ತದೆ, ಗಾರೆ ಉದುರಿ ತಾರಸಿ ಹಲ್ಲು ಕಿರಿಯುತ್ತದೆ.

ಕಾಂಕ್ರೀಟಿಗೆ ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ನೀರಿನ ಲೆಕ್ಕ. ಈ ಮಿಶ್ರಣದಲ್ಲಿ 50 ಕೆ.ಜಿ. ಚೀಲಕ್ಕೆ 30 ಲೀಟರಿಗಿಂತ ಹೆಚ್ಚು ನೀರು ಸಲ್ಲದು. ಮರಳು ಒದ್ದೆಯಿದ್ದರೆ ಇನ್ನೂ ಕಡಿಮೆ. ಮಾಲು ಸಲೀಸಾಗಿ ಹರಿಯಲಿ ಎಂದು ಕೂಲಿಯವರು ಪೈಪು ಬಿಟ್ಟರೆ ಅವರ ತೋಳಿಗೆ ಸುಖ, ನಿಮ್ಮ ತಾರಸಿಗೆ ಕೇಡು. ಕಲಸುವಾಗ ನೀರು ಕಂಜೂಸಿಯಾಗಿ ಹಾಕಬೇಕು; ಗಟ್ಟಿಯಾದ ಮೇಲೆ ಧಾರಾಳವಾಗಿ ಹಾಕಬೇಕು. ನಮ್ಮಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ!

ಇಲ್ಲಿ ನಮ್ಮ ಮನೆಯ ಮರ್ಯಾದೆಯನ್ನೇ ತೆಗೆಯುತ್ತೇವೆ. ನಮ್ಮ ತಾರಸಿಗೆ ಮೋಲ್ಡ್ ಬಿದ್ದದ್ದು ಏಪ್ರಿಲ್ ತಿಂಗಳಲ್ಲಿ. ಮೂರು ದಿನ ನೀರು ಹೊಡೆದೆವು. ನಾಲ್ಕನೇ ದಿನ ಮನೆಮಂದಿಯೆಲ್ಲ ಸಂಬಂಧಿಕರ ಮದುವೆಗೆ ಹೊರಟೆವು. “ಮೇಸ್ತ್ರಿ ನೋಡ್ಕೊಂತಾನೆ ಬಿಡು” ಎಂದು ಅಂದವರು ನಾವೇ. ಮೇಸ್ತ್ರಿಗೆ ಬೇರೆ ಸೈಟಿತ್ತು. ವಾಪಸು ಬಂದಾಗ ತಾರಸಿ ಒಣ ಕೆರೆಯಂತೆ ಗೆರೆ ಗೆರೆ. ಅಂದಿನಿಂದ ಇಂದಿನವರೆಗೆ ಪ್ರತಿ ಮಳೆಗಾಲ ನಮ್ಮ ಹಾಲ್‌ನಲ್ಲಿ ಎರಡು ಬಕೆಟ್ ಕಾಯಂ. ಎಷ್ಟು ಬಗೆಯ ಲೇಪನ ಬಳಿಸಿದೆವೋ ಲೆಕ್ಕವಿಲ್ಲ. ತಪ್ಪು ಮೇಸ್ತ್ರಿಯದಲ್ಲ, ಸಿಮೆಂಟಿನದೂ ಅಲ್ಲ. ನಮ್ಮದೇ.

ಈಗ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಹಾರುಬೂದಿ ಬೆರೆತ ಪಿ.ಪಿ.ಸಿ. ಸಿಮೆಂಟು. ಅದಕ್ಕೆ ಕಡಿಮೆಯೆಂದರೂ 10 ದಿನ ನೀರುಣಿಸಬೇಕು, ನಮ್ಮ ಬಿಸಿಲಿಗೆ 14 ದಿನವೇ ಸರಿ. ತಾರಸಿಯ ಮೇಲೆ ಗದ್ದೆಯಂತೆ ಸಣ್ಣ ಬದು ಕಟ್ಟಿ ನೀರು ನಿಲ್ಲಿಸಿ. ಕಂಬಗಳಿಗೆ ಗೋಣಿಚೀಲ ಸುತ್ತಿ ಒದ್ದೆ ಇಡಿ. ಮಂಡಿಪೇಟೆಯವರಿಗೆ ಗೋಣಿಗೇನು ಬರವೇ? ಸೆಂಟ್ರಿಂಗ್‌ನವರು ಬಾಡಿಗೆ ನೆಪ ಹೇಳಿ ಬೇಗ ಬಿಚ್ಚಲು ಬಂದರೆ ತಡೆಯಿರಿ. ತೊಲೆಯ ಕೆಳಗಿನ ಆಸರೆ 14 ದಿನ ಇರಲೇಬೇಕು, 20 ಅಡಿಗಿಂತ ಉದ್ದದ ತೊಲೆಯಾದರೆ 21 ದಿನ.

ಕೊನೆಯದು ಕರಾರು. ನಮ್ಮಲ್ಲಿ ಚದರಕ್ಕೆ ಇಷ್ಟು ಎಂದು ಬಾಯಿಮಾತಿನಲ್ಲಿ ಒಪ್ಪಿ ಗುದ್ದಲಿ ಪೂಜೆ ಮುಗಿಸುತ್ತೇವೆ. ಆಮೇಲೆ ಶುರು: ಸಂಪು ಚದರದಲ್ಲಿ ಸೇರಿದೆಯೋ ಇಲ್ಲವೋ? ಸಜ್ಜ? ಮೆಟ್ಟಿಲು? ಕಾಂಪೌಂಡು? ಒಂದೊಂದಕ್ಕೂ ಒಂದೊಂದು ಪಂಚಾಯ್ತಿ. ಛಾಪಾ ಕಾಗದದ ಮೇಲೆ ಎಲ್ಲವನ್ನೂ ಬರೆಸಿ, ಇಬ್ಬರೂ ಸಹಿ ಹಾಕಿ. ಕೆಲಸ ಮುಗಿದಷ್ಟಕ್ಕೆ ದುಡ್ಡು. ಮುಂಗಡದ ಮೇಲೆ ಮುಂಗಡ ಬೇಡ. ಹತ್ತರಲ್ಲಿ ಒಂದು ಭಾಗವನ್ನು ಮೊದಲ ಮಳೆಗಾಲ ಕಳೆಯುವವರೆಗೆ ಹಿಡಿದಿಡುವುದೆಂದು ಮೊದಲೇ ಬರೆದುಕೊಳ್ಳಿ. ಒಳ್ಳೆಯ ಮೇಸ್ತ್ರಿ ಇದಕ್ಕೆ ಬೇಜಾರಾಗುವುದಿಲ್ಲ. ಅವನ ಕೂಲಿಯನ್ನು ವಾರವಾರ ತಪ್ಪದೆ ಕೊಡುವುದೂ ನಿಮ್ಮ ಕರಾರೇ, ಅದನ್ನು ಮರೆಯಬೇಡಿ.

“ಎಂಜಿನಿಯರ್‌ಗೆ ಯಾಕ್ರೀ ದಂಡ?” ಎನ್ನುವವರಿಗೆ ನಮ್ಮದೊಂದು ಪ್ರಶ್ನೆ. ಗೃಹಪ್ರವೇಶದ ಶಾಮಿಯಾನಕ್ಕೆ, ಸೀರಿಯಲ್ ಲೈಟಿಗೆ ಕೊಡುವಾಗ ದಂಡ ಅನಿಸುವುದಿಲ್ಲವಲ್ಲ? ಶಾಮಿಯಾನ ಸಂಜೆಗೆ ಬಿಚ್ಚುತ್ತಾರೆ. ಪಾಯ ಅಲ್ಲೇ ಇರುತ್ತದೆ.

ಬಸ್ಸಿನಲ್ಲಿ ಕಂಡ ಅಣ್ಣನವರೇ, ಈ ಪತ್ರಿಕೆ ನಿಮ್ಮ ಅಂಗಡಿಗೂ ಬರುತ್ತದೆ. ನಾಳೆ ಬೆಳಿಗ್ಗೆ ಶಟರ್ ಎತ್ತುವ ಮೊದಲು ಒಂದು ಟೇಪು ಹಿಡಿದು ಸೈಟಿಗೆ ಹೋಗಿ, ಗುಂಡಿಗೆ ಇಳಿದು ಅಳೆಯಿರಿ. ಕಲ್ಲು ಕೂರಿಸುವ ಮೊದಲಾದರೆ ಇನ್ನೂ ಕಾಲ ಮಿಂಚಿಲ್ಲ.