ಕಮಿಟಿಯಲ್ಲಿ ಹೆಸರುಂಟು, ಕೂರಲು ಕುರ್ಚಿ ಇಲ್ಲ

ಮಳೆಗಾಲದ ಬೆಳಿಗ್ಗೆ ಗೋಣಿಬೀಡಿನಲ್ಲಿ ಬಸ್ಸಿಗೆ ನಿಂತವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಒದ್ದೆ ಕೊಡೆ ಹಿಡಿದ ಹುಡುಗಿಯರು, ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡ ಹುಡುಗರು ಅಂಗಡಿ ಜಗಲಿಗಳ ಮೇಲೆ ಸಾಲಾಗಿ ನಿಂತಿರುತ್ತಾರೆ. ಬಸ್ಸು ಬರುತ್ತದೆ, ಬಾಗಿಲ ತನಕ ತುಂಬಿರುತ್ತದೆ. "ಹಿಂದೆ ಇನ್ನೊಂದು ಬರ್ತದೆ" ಎಂದು ಕಂಡಕ್ಟರು ಸೀಟಿ ಊದುತ್ತಾರೆ. ಹಿಂದಿನದು ಬಂದು ಊರು ಮುಟ್ಟುವ ಹೊತ್ತಿಗೆ ಕಾಲೇಜಿನಲ್ಲಿ ಮೊದಲನೇ ಪೀರಿಯಡ್ಡಿನ ಹಾಜರಿ ಮುಗಿದಿರುತ್ತದೆ.

ಒಂದು ಪೀರಿಯಡ್ ಹೋದರೆ ಏನು ಮಹಾ, ಎನ್ನುವವರಿದ್ದಾರೆ. ಅಂಗಡಿಯವರಿಗೆ ಲೆಕ್ಕ ಹೇಳಿಕೊಡಬೇಕಿಲ್ಲ, ಆದರೂ ಕೇಳಲಿ. ಒಂದು ವಿಷಯಕ್ಕೆ ವಾರಕ್ಕೆ 4 ತರಗತಿ ಅಂತ ಇಟ್ಟುಕೊಳ್ಳಿ. ಬಸ್ಸಿನ ದೆಸೆಯಿಂದ ವಾರಕ್ಕೆ ಒಂದು ತಪ್ಪಿದರೆ ಉಳಿಯುವುದು 3. ಅಂದರೆ ಸರಿಯಾಗಿ ಶೇಕಡಾ 75. ಪರೀಕ್ಷೆಗೆ ಕೂರಲು ಬೇಕಾದ ಹಾಜರಾತಿಯ ಗೆರೆಯೂ ಅದೇ 75. ಇನ್ನು ಇಡೀ ಸೆಮಿಸ್ಟರಿನಲ್ಲಿ ಜ್ವರ ಬಂದು ಒಂದು ದಿನ ಮಲಗಿದರೂ ಹುಡುಗ ಗೆರೆಯ ಕೆಳಗೆ! ಓದಲಿಲ್ಲ ಎಂದಲ್ಲ, ಬಸ್ಸು ನಿಲ್ಲಲಿಲ್ಲ ಎಂದು.

ಮೊದಲನೇ ತರಗತಿಯನ್ನು ಅರ್ಧ ಗಂಟೆ ಮುಂದೆ ಹಾಕಿದರೆ ಅರ್ಧ ತಾಪತ್ರಯ ಮುಗಿಯುತ್ತದೆ. ಇಲ್ಲವೇ ಕಾಲೇಜಿನಿಂದಲೇ ಡಿಪೋಗೆ ಒಂದು ಕಾಗದ ಹೋದರೆ ಮುಗಿಯುತ್ತದೆ. ಆದರೆ ಟೈಂ ಟೇಬಲ್ ಹಾಕುವ ಮೇಜಿನ ಸುತ್ತ ಕೂತವರಲ್ಲಿ ಆ ಬಸ್ಸಿಗೆ ಕಾದು ನಿಂತವರು ಎಷ್ಟು ಮಂದಿ? ಪ್ರಶ್ನೆ ಇರುವುದು ಇಲ್ಲಿ.

ಹೇಳಬೇಕಾದವರು ಹೊರಗೆ

ಗೋಣಿಬೀಡು ಹೋಬಳಿಯ ಮಕ್ಕಳು ಡಿಗ್ರಿಗೆ ಮೂಡಿಗೆರೆ, ಬೇಲೂರು, ಚಿಕ್ಕಮಗಳೂರು ಎಂದು ಹೊರಡುತ್ತಾರೆ. ಅತ್ತ ಕಳಸ, ಬಾಳೂರು, ಬಣಕಲ್ ಕಡೆಯವರ ಪಾಡೂ ಇದೇ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲವಾಯಿತು. ಒಳ್ಳೆಯದೇ ಆಯಿತು; ಬಸ್ ಚಾರ್ಜಿಗೆ ಹೆದರಿ ಹೆಣ್ಣುಮಕ್ಕಳ ಓದು ನಿಲ್ಲಿಸುವ ಮನೆಗಳಿಗೆ ಒಂದು ನೆಪ ಕಡಿಮೆಯಾಯಿತು. ಆದರೆ ಟಿಕೆಟ್ ಬೇಡವಾದ ಮಾತ್ರಕ್ಕೆ ಬಸ್ಸಿನೊಳಗೆ ಜಾಗ ಹುಟ್ಟುವುದಿಲ್ಲವಲ್ಲ.

ಕಷ್ಟ ಬಸ್ಸೊಂದರದ್ದೇ ಅಲ್ಲ. ತೋಟದ ಲೈನಿನ ಮನೆಗಳಿಂದ ಬರುವ ಮಕ್ಕಳಿದ್ದಾರೆ. ಅರೇಬಿಕಾ ಹಣ್ಣು ಕೊಯ್ಲಿಗೆ ಬರುವುದು ನವೆಂಬರ್, ಡಿಸೆಂಬರ್ ಸುಮಾರಿಗೆ, ರೊಬಸ್ಟಾ ಜನವರಿಯಿಂದಾಚೆಗೆ. ಆಗ ಮನೆಯಲ್ಲಿ ಒಂದು ಕೈ ಹೆಚ್ಚಿದ್ದರೆ ಅಷ್ಟು ಕಾಸು. ಅದೇ ವಾರ ಕಾಲೇಜಿನಲ್ಲಿ ಟೆಸ್ಟ್ ಇಟ್ಟರೆ ಒಂದೋ ಕೂಲಿ ಹೋಗಬೇಕು, ಇಲ್ಲವೋ ಮಾರ್ಕು ಹೋಗಬೇಕು. ಆನೆ ಓಡಾಟ ಇರುವ ದಾರಿಯ ಮಕ್ಕಳು ನಸುಕಿನಲ್ಲಿ ಮನೆ ಬಿಡುವಂತಿಲ್ಲ, ಕತ್ತಲಾದ ಮೇಲೆ ಮನೆ ಸೇರುವಂತಿಲ್ಲ. ಸಂಜೆ ಸ್ಪೆಷಲ್ ಕ್ಲಾಸ್ ಇಟ್ಟು "ಕಡ್ಡಾಯ" ಎಂದು ಬೋರ್ಡಿನ ಮೇಲೆ ಬರೆದರೆ, ಬರೆದವರಿಗೆ ದಾರಿ ಗೊತ್ತಿಲ್ಲ ಅಂತಲೇ ಅರ್ಥ.

ಇವೆಲ್ಲ ಪ್ರಿನ್ಸಿಪಾಲರ ದುಷ್ಟತನವೇನೂ ಅಲ್ಲ. ವರ್ಗವಾಗಿ ಬಂದ ಅಧ್ಯಾಪಕರಿಗೆ ಊರಿನ ಒಳಸುಳಿ ತಿಳಿಯಲು ವರ್ಷ ಬೇಕು, ತಿಳಿಯುವ ಹೊತ್ತಿಗೆ ಮತ್ತೊಂದು ವರ್ಗದ ಆರ್ಡರು. ತಿಳಿದ ಹುಡುಗರು ಅಲ್ಲೇ ಕಾರಿಡಾರಿನಲ್ಲಿ ನಿಂತಿರುತ್ತಾರೆ. ಅವರನ್ನು ಒಳಗೆ ಕರೆದು ಕೂರಿಸಿ ಕೇಳುವ ಪದ್ಧತಿ ಇಲ್ಲ, ಅಷ್ಟೇ.

ಕಾನೂನು ಏನನ್ನುತ್ತದೆ?

ಪದ್ಧತಿ ಇಲ್ಲ, ನಿಜ. ಕಾನೂನಂತೂ ಇದೆ. ಸಾರ್ವಜನಿಕರಿಗೆ ಗೊತ್ತಿಲ್ಲದ ಸಂಗತಿ ಇದು.

2009ರಲ್ಲಿ ಯುಜಿಸಿ ರ್‍ಯಾಗಿಂಗ್ ತಡೆಗೆ ನಿಯಮ ಮಾಡಿತು. ಅದರ ಪ್ರಕಾರ ಕಾಲೇಜಿನ ಸಮಿತಿಯಲ್ಲಿ ಪೊಲೀಸರು, ಪೋಷಕರು, ಸ್ಥಳೀಯ ಪತ್ರಿಕೆಯವರ ಜೊತೆಗೆ ಹೊಸದಾಗಿ ಸೇರಿದ ವಿದ್ಯಾರ್ಥಿಗಳೂ, ಹಿರಿಯ ವಿದ್ಯಾರ್ಥಿಗಳೂ ಇರಲೇಬೇಕು. ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಆಂತರಿಕ ಸಮಿತಿಗೆ ಯುಜಿಸಿಯ 2015ರ ನಿಯಮಾವಳಿ ಉಂಟು. ವಿದ್ಯಾರ್ಥಿಗಳ ವಿಷಯ ಬಂದಾಗ ಮೂವರು ವಿದ್ಯಾರ್ಥಿಗಳು ಸಮಿತಿಯಲ್ಲಿ ಕೂರಬೇಕು, ಅವರನ್ನು ಮೇಲಿನಿಂದ ನೇಮಿಸುವುದಲ್ಲ, ಪಾರದರ್ಶಕವಾಗಿ, ಪ್ರಜಾಸತ್ತಾತ್ಮಕವಾಗಿ ಆರಿಸಬೇಕು ಎಂದು ಅದು ಹೇಳುತ್ತದೆ. ಇನ್ನು ನ್ಯಾಕ್‌ನವರು ಬಯಸುವ ಗುಣಮಟ್ಟ ಭರವಸಾ ಕೋಶ. ಅದರಲ್ಲೂ ವಿದ್ಯಾರ್ಥಿಗೊಂದು ಜಾಗವಿದೆ.

2023ರ ಏಪ್ರಿಲ್‌ನಲ್ಲಿ ಬಂದದ್ದು ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ನಿಯಮ. ದೂರು ಕೊಟ್ಟರೆ 15 ಕೆಲಸದ ದಿನಗಳೊಳಗೆ ಸಮಿತಿ ವರದಿ ಕೊಡಬೇಕು. ಒಪ್ಪಿಗೆಯಾಗದಿದ್ದರೆ ವಿಶ್ವವಿದ್ಯಾಲಯದ ಮಟ್ಟದಲ್ಲಿ ಓಂಬುಡ್ಸ್‌ಪರ್ಸನ್ ಹತ್ತಿರ ಹೋಗಬಹುದು. ಕೇಳಲು ಚೆನ್ನಾಗಿದೆ. ಸಮಿತಿಯಲ್ಲಿ ಯಾರಿರುತ್ತಾರೆ ನೋಡಿ. ಅಧ್ಯಕ್ಷರು ಅಧ್ಯಾಪಕರು, ನಾಲ್ಕು ಜನ ಸದಸ್ಯರೂ ಅಧ್ಯಾಪಕರು, ವಿದ್ಯಾರ್ಥಿ ಒಬ್ಬ. ಆ ಒಬ್ಬನೂ ಸದಸ್ಯನಲ್ಲ, "ವಿಶೇಷ ಆಹ್ವಾನಿತ". ಸಭೆ ನಡೆಸಲು ಮೂವರ ಕೋರಂ ಬೇಕು. ಕೋರಂ ಎಣಿಸುವಾಗ ವಿದ್ಯಾರ್ಥಿಯನ್ನು ಬಿಟ್ಟು ಎಣಿಸಬೇಕೆಂದು ನಿಯಮವೇ ಹೇಳುತ್ತದೆ. ಹುಡುಗ ಬಂದರೂ ಸಭೆ, ಬಾರದಿದ್ದರೂ ಸಭೆ. ಮದುವೆ ಮನೆಗೆ ಕರೆದು ಎಲೆ ಹಾಕುವುದಿಲ್ಲ ಎಂದಂತಾಯಿತು!

ಆ ಒಬ್ಬನನ್ನಾದರೂ ಹೇಗೆ ಆರಿಸುವುದು? ಓದಿನಲ್ಲಿ, ಆಟದಲ್ಲಿ, ಇತರೆ ಚಟುವಟಿಕೆಯಲ್ಲಿ ಮುಂದಿರುವವನನ್ನು ನೇಮಿಸುವುದು. ಜಾಣ ಹುಡುಗನ ಮೇಲೆ ಯಾರಿಗೂ ಸಿಟ್ಟಿಲ್ಲ. ಆದರೆ ಫಸ್ಟ್ ಬೆಂಚಿನವನಿಗೆ ಲಾಸ್ಟ್ ಬಸ್ಸಿನವಳ ಕಷ್ಟ ಗೊತ್ತಿರಬೇಕೆಂದೇನೂ ಇಲ್ಲವಲ್ಲ? ಮೇಲಾಗಿ ಇಂಟರ್ನಲ್ ಮಾರ್ಕು ಹಾಕುವವರ ಎದುರೇ ಕೂತು "ಸಾರ್, ಇದು ತಪ್ಪು" ಎನ್ನಲು, ಕಳುಹಿಸಿದವರ ಬಲ ಬೆನ್ನಿಗೆ ಬೇಕು. ನೇಮಕವಾದವನು ನೇಮಿಸಿದವರ ಮುಖ ನೋಡುತ್ತಾನೆ. ಆಯ್ಕೆಯಾದವನು ಆರಿಸಿದವರ ಮುಖ ನೋಡುತ್ತಾನೆ. ಇದು ಗ್ರಾಮ ಪಂಚಾಯ್ತಿ ಕಂಡ ನಮ್ಮ ಜನಕ್ಕೆ ಹೊಸ ಪಾಠವಲ್ಲ.

ಎಷ್ಟೋ ಕಡೆ ಇಷ್ಟೂ ನಡೆಯುವುದಿಲ್ಲ. ತಪಾಸಣೆಯವರು ಬರುವ ಮುನ್ನ ಫೈಲು ತಯಾರಾಗುತ್ತದೆ. ವಿದ್ಯಾರ್ಥಿ ಪ್ರತಿನಿಧಿ ಎಂಬ ಕಾಲಂ ಎದುರು ಒಂದು ಹೆಸರು ಬೀಳುತ್ತದೆ. ಆ ಹೆಸರಿನ ಹುಡುಗಿಗೆ ತಾನೊಬ್ಬ ಪ್ರತಿನಿಧಿ ಎಂಬುದೇ ಡಿಗ್ರಿ ಮುಗಿಯುವ ತನಕ ಗೊತ್ತಿರುವುದಿಲ್ಲ. ಕಾಗದದ ಮೇಲೆ ಎಲ್ಲ ಸರಿ ಇದೆ ಸ್ವಾಮಿ, ಕಾಗದಕ್ಕೆ ಬಸ್ಸು ತಪ್ಪುವುದಿಲ್ಲ.

ಅಂಗಡಿಯವರ ಭಯ

"ಹುಡುಗ್ರಿಗೆ ಅಧಿಕಾರ ಕೊಟ್ರೆ ಮುಗೀತು, ದಿನಾ ಸ್ಟ್ರೈಕು, ದಿನಾ ಬಾಗ್ಲು ಹಾಕು" ಎನ್ನುವ ಮಾತು ಪೇಟೆಯಲ್ಲಿ ಏಳುತ್ತದೆ. ಈ ಭಯ ಸುಳ್ಳಲ್ಲ. ಕಾಲೇಜು ಎಲೆಕ್ಷನ್ ಇದ್ದ ಕಾಲದಲ್ಲಿ ಜಾತಿ, ದುಡ್ಡು, ಹೊರಗಿನ ಪಕ್ಷಗಳ ಕೈವಾಡ ಎಲ್ಲವೂ ಕ್ಯಾಂಪಸ್ಸಿಗೆ ನುಗ್ಗಿದ್ದುಂಟು. ಕಲ್ಲು ಬಿದ್ದದ್ದು ಅಂಗಡಿ ಗಾಜಿಗೂ ಹೌದು, ಬಸ್ಸಿನ ಗಾಜಿಗೂ ಹೌದು. ಆಳುವವರ ಭಯ ಇನ್ನೂ ದೊಡ್ಡದು. 1973ರ ಕೊನೆಗೆ ಅಹಮದಾಬಾದಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಹಾಸ್ಟೆಲ್ ಊಟದ ಬಿಲ್ಲು ಏರಿತು ಎಂದು ಶುರುವಾದ ಗಲಾಟೆ 1974ರ ಫೆಬ್ರವರಿಗೆ ಗುಜರಾತಿನ ಮುಖ್ಯಮಂತ್ರಿ ಚಿಮನ್‌ಭಾಯ್ ಪಟೇಲರ ಕುರ್ಚಿಯನ್ನೇ ಕಿತ್ತಿತು. ಊಟದ ಬಿಲ್ಲಿನ ಮಾತನ್ನು ಮೊದಲ ದಿನವೇ ಕೂರಿಸಿ ಕೇಳಿದ್ದರೆ ಏನಾಗುತ್ತಿತ್ತು ಎಂಬುದನ್ನು ಮಾತ್ರ ಯಾರೂ ಯೋಚಿಸಲಿಲ್ಲ.

ಕರ್ನಾಟಕದಲ್ಲಿ 1989-90ರ ಹೊತ್ತಿಗೆ ಕಾಲೇಜು ಚುನಾವಣೆಗೆ ಬೀಗ ಬಿತ್ತು. ವಿಚಿತ್ರ ನೋಡಿ. ಅದೇ 1989ರ ಮಾರ್ಚಿನಲ್ಲಿ ಸಂವಿಧಾನದ 61ನೇ ತಿದ್ದುಪಡಿ ಜಾರಿಗೆ ಬಂದು ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ದೇಶದ ಪ್ರಧಾನಿ ಯಾರಾಗಬೇಕೆಂದು ಹೇಳುವಷ್ಟು ಬುದ್ಧಿ ಹದಿನೆಂಟಕ್ಕೆ ಬಂತು ಎಂದು ಒಂದು ಕೈ ಬರೆಯಿತು. ಕಾಲೇಜಿನ ಕುಡಿಯುವ ನೀರಿನ ಬಗ್ಗೆ ಹೇಳುವಷ್ಟು ಬಂದಿಲ್ಲ ಎಂದು ಇನ್ನೊಂದು ಕೈ ಬರೆಯಿತು. 21 ತುಂಬಿದವರು ಗೋಣಿಬೀಡು ಗ್ರಾಮ ಪಂಚಾಯ್ತಿಗೆ ನಿಂತು ಗೆದ್ದು ಅಧ್ಯಕ್ಷರೇ ಆಗಬಹುದು. ಅದೇ ವಯಸ್ಸಿನವರು ಕಾಲೇಜಿನ ಲೈಬ್ರರಿ ಕಮಿಟಿಗೆ ನಾಲಾಯಕ್ಕು!

ಗಲಾಟೆ ಇಲ್ಲದೆ ಚುನಾವಣೆ ಮಾಡುವ ದಾರಿಯೂ ಸಿದ್ಧವಾಗಿದೆ. ಚುನಾವಣಾ ಆಯೋಗದ ಮುಖ್ಯಸ್ಥರಾಗಿದ್ದ ಜೆ.ಎಂ. ಲಿಂಗ್ಡೋ ಅವರ ಸಮಿತಿ ವರದಿ ಕೊಟ್ಟು, ಸುಪ್ರೀಂ ಕೋರ್ಟು ಅದನ್ನು 2006ರ ಸೆಪ್ಟೆಂಬರಿನಲ್ಲಿ ಜಾರಿ ಮಾಡಲು ಹೇಳಿತು. ಅಭ್ಯರ್ಥಿಗೆ ಹಾಜರಾತಿ ಇರಬೇಕು, ಬಾಕಿ ವಿಷಯ ಇರಬಾರದು, ಕ್ರಿಮಿನಲ್ ಕೇಸಿನ ಇತಿಹಾಸ ಇರಬಾರದು. ಖರ್ಚು 5,000 ರೂಪಾಯಿ ದಾಟಬಾರದು. ಅಚ್ಚು ಹಾಕಿದ ಪೋಸ್ಟರ್ ಇಲ್ಲ, ರಾಜಕೀಯ ಪಕ್ಷದ ದುಡ್ಡಿಲ್ಲ. ನಾಮಪತ್ರದಿಂದ ಫಲಿತಾಂಶದ ತನಕ ಎಲ್ಲ 10 ದಿನದಲ್ಲಿ ಮುಗಿಯಬೇಕು. ವಾತಾವರಣ ಸರಿ ಇಲ್ಲದ ಕಡೆ ಸದ್ಯಕ್ಕೆ ನೇಮಕ ಮಾಡಿ, ಆದರೆ ಬರೀ ಅಂಕ ನೋಡಿ ನೇಮಿಸಬೇಡಿ, ಐದು ವರ್ಷದೊಳಗೆ ಚುನಾವಣೆಗೆ ಬನ್ನಿ ಎಂದೂ ಆ ವರದಿ ಹೇಳಿತ್ತು. 2006ಕ್ಕೆ ಐದು ಕೂಡಿಸಿದರೆ ಎಷ್ಟಾಯಿತು, ಓದುಗರೇ ಹೇಳಲಿ. ಮತ್ತೆ ಚುನಾವಣೆ ತರುವ ಮಾತು 2025ರಲ್ಲಿ ರಾಜ್ಯದ ಆಳುವವರ ಬಾಯಿಂದಲೇ ಬಂತು. ಬಂದಾಗ ಬರಲಿ. ಅದಕ್ಕೆ ಕಾದು ಕೂರುವ ಅಗತ್ಯ ಮಾತ್ರ ಇಲ್ಲ.

ಆಗಬೇಕಾದ್ದು ಇಷ್ಟು

ಬಾವುಟ ಬೇಡ, ಜೈಕಾರ ಬೇಡ. ಮೊದಲನೆಯದಾಗಿ, ಯಾವ ಯಾವ ಕಮಿಟಿಯಲ್ಲಿ ಯಾವ ವಿದ್ಯಾರ್ಥಿ ಇದ್ದಾರೆ ಎಂದು ಪ್ರತಿ ಕಾಲೇಜೂ ನೋಟಿಸ್ ಬೋರ್ಡಿಗೆ ಅಂಟಿಸಲಿ. ಸಭೆ ಯಾವತ್ತು, ಏನು ತೀರ್ಮಾನವಾಯಿತು ಎಂಬುದನ್ನೂ ಅಂಟಿಸಲಿ. ಇದಕ್ಕೆ ಸರ್ಕಾರದ ಆರ್ಡರು ಬೇಡ, ಒಂದು ಹಾಳೆ, ನಾಲ್ಕು ಗುಂಡುಪಿನ್ನು ಸಾಕು.

ಎರಡನೆಯದು, ಪ್ರತಿ ತರಗತಿಯ ಪ್ರತಿನಿಧಿಯನ್ನು ತರಗತಿಯವರೇ ಚೀಟಿ ಹಾಕಿ ಆರಿಸಲಿ. ಒಬ್ಬ ಹುಡುಗ, ಒಬ್ಬಳು ಹುಡುಗಿ. ಅವರಲ್ಲಿ ಬಸ್ಸಿನಲ್ಲಿ ಬರುವವರು, ಹಾಸ್ಟೆಲಿನಲ್ಲಿ ಇರುವವರು, ತೋಟದ ಲೈನಿನಿಂದ ಬರುವವರು ಇದ್ದಾರೆಯೇ ಎಂದು ನೋಡಿಕೊಳ್ಳಲಿ. ಇಂಥವರಲ್ಲಿ ಒಬ್ಬರಾದರೂ ಟೈಂ ಟೇಬಲ್ ಹಾಕುವ ದಿನ ಮೇಜಿನ ಹತ್ತಿರ ಕೂರಲಿ. ತೀರ್ಮಾನ ಅಧ್ಯಾಪಕರದ್ದೇ ಇರಲಿ, ಮಾತಾದರೂ ಕಿವಿಗೆ ಬೀಳಲಿ.

ಮೂರನೆಯದು ಲೆಕ್ಕ. ಶುಲ್ಕದ ರಶೀದಿಯಲ್ಲಿ ಕ್ರೀಡೆ, ವಾಚನಾಲಯ, ಸಂಚಿಕೆ ಎಂದು ಸಾಲಾಗಿ ದುಡ್ಡು ಕಟ್ಟಿಸಿಕೊಂಡ ಮೇಲೆ ಅದು ಎಲ್ಲಿ ಖರ್ಚಾಯಿತು ಎಂದು ಕಟ್ಟಿದವರಿಗೆ ವರ್ಷಕ್ಕೊಮ್ಮೆ ಓದಿ ಹೇಳಲಿ. ಅಂಗಡಿಯಲ್ಲಿ ಹತ್ತು ರೂಪಾಯಿ ಸಾಮಾನಿಗೂ ಬಿಲ್ಲು ಕೇಳುವ ಕಾಲ ಇದು. ಸಂತೆಯಲ್ಲಿ ಸೊಪ್ಪು ಮಾರಿ ಮಗಳ ಫೀಸು ಕಟ್ಟಿದ ತಾಯಿಗೆ ಲೆಕ್ಕ ಕೇಳುವ ಹಕ್ಕಿಲ್ಲವೇ?

ಮಕ್ಕಳನ್ನು ಕೇಳುವುದು ಯಾವುದೋ ಪರದೇಶದ ಹುಚ್ಚು ಎನ್ನುವವರಿದ್ದರೆ ಇದನ್ನೂ ತಿಳಿಯಲಿ. ಅರ್ಜೆಂಟೀನಾದ ಕಾರ್ಡೊಬಾದಲ್ಲಿ 1918ರಲ್ಲಿಯೇ ವಿದ್ಯಾರ್ಥಿಗಳು ವಿಶ್ವವಿದ್ಯಾಲಯದ ಆಡಳಿತದಲ್ಲಿ ಪಾಲು ಪಡೆದರು, ಅಲ್ಲೇನೂ ವಿದ್ಯೆ ಮುಳುಗಲಿಲ್ಲ. ಅಷ್ಟು ದೂರ ಯಾಕೆ? ನಮ್ಮ ಹಳ್ಳಿಯ ಸರ್ಕಾರಿ ಪ್ರೈಮರಿ ಶಾಲೆಯನ್ನೇ ನೋಡಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲಾ ಸಮಿತಿಯ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದಿತು. ಕಾಫಿ ಕೊಯ್ಯುವ ತಾಯಿ ಎಸ್‌ಡಿಎಂಸಿ ಸಭೆಯಲ್ಲಿ ಕೂತು ಬಿಸಿಯೂಟದ ಅಕ್ಕಿ ಬಗ್ಗೆ ಕೇಳುತ್ತಾಳೆ. ಆಕೆಯ ಮಗಳು ಡಿಗ್ರಿ ಓದುತ್ತಾ ತನ್ನದೇ ತರಗತಿಯ ಬಗ್ಗೆ ಕೇಳುವಂತಿಲ್ಲ ಎಂದರೆ ಓದಿಸಿದ್ದಾದರೂ ಏತಕ್ಕೆ?

ಪೋಷಕರದ್ದೂ ತಪ್ಪಿದೆ. "ಸುಮ್ನೆ ಓದ್ಕೊಂಡು ಬಾ, ಅವರಿವರ ಉಸಾಬರಿ ನಿಂಗ್ಯಾಕೆ" ಎಂದು ಮನೆಯಲ್ಲೇ ಬಾಯಿ ಕಟ್ಟಿ ಕಳಿಸುತ್ತೇವೆ. ನಾಳೆ ಅದೇ ಮಕ್ಕಳು ಪಂಚಾಯ್ತಿಯಲ್ಲಿ, ಸೊಸೈಟಿಯಲ್ಲಿ, ಬ್ಯಾಂಕಿನಲ್ಲಿ ತಲೆ ಬಗ್ಗಿಸಿ ಸಹಿ ಹಾಕಿ ಬಂದರೆ ಆಗ ಬೈಯುತ್ತೇವೆ. ನಾಲ್ಕು ಜನರೆದುರು ಸಿಟ್ಟಿಲ್ಲದೆ, ಹೆದರಿಕೆಯೂ ಇಲ್ಲದೆ ಎದ್ದು ನಿಂತು ಮಾತಾಡುವುದನ್ನು ಕಲಿಯಲು ಕಾಲೇಜಿಗಿಂತ ಒಳ್ಳೆ ಜಾಗ ಎಲ್ಲಿದೆ?

ಕಾಲೇಜು ಅಭಿವೃದ್ಧಿ ಸಮಿತಿಗಳಲ್ಲಿ ಕೂತ ಶಾಸಕರು, ಪ್ರಾಂಶುಪಾಲರು, ಊರ ಹಿರಿಯರು ಇತ್ತ ಕಣ್ಣು ಹಾಯಿಸಲಿ. ಮುಂದಿನ ಸೆಮಿಸ್ಟರಿನ ಟೈಂ ಟೇಬಲ್ ಬರೆಯುವ ಮುನ್ನ ಒಂದು ದಿನ, ಒಂದೇ ದಿನ, ಬೆಳಿಗ್ಗೆ ಗೋಣಿಬೀಡಿನಲ್ಲಿ ಬಸ್ಸಿಗೆ ನಿಂತು ನೋಡಲಿ. ಅಷ್ಟು ಪುರುಸೊತ್ತಿಲ್ಲ ಎಂದಾದರೆ, ದಿನಾ ನಿಲ್ಲುವ ಒಬ್ಬಳನ್ನು ಕರೆದು ಕುರ್ಚಿ ಕೊಟ್ಟು ಕೇಳಲಿ.