ಮಹಾಪೌರರ ಭರವಸೆ, ಆಯುಕ್ತರ ಸಹಿ: ಸೋಲಾಪುರ ಪಾಲಿಕೆಯಲ್ಲಿ ನಿರ್ಧಾರವಾಗುವುದೆಲ್ಲಿ?

2026ರ ಜನವರಿ 15ರ ಮತದಾನದೊಂದಿಗೆ ಸೋಲಾಪುರ ಮಹಾನಗರಪಾಲಿಕೆಗೆ ಮತ್ತೆ 102 ಚುನಾಯಿತ ಸದಸ್ಯರು ಬಂದಿದ್ದಾರೆ. ಹಿಂದಿನ ಸಭೆಯ ಅವಧಿ ಮುಗಿದದ್ದು 2022ರ ಮಾರ್ಚ್‌ನಲ್ಲಿ. ಹಿಂದುಳಿದ ವರ್ಗಗಳ ಮೀಸಲಾತಿಯ ವ್ಯಾಜ್ಯ, ಪ್ರಭಾಗಗಳ ಮರುವಿಂಗಡಣೆಯ ಗೊಂದಲಗಳಲ್ಲಿ ಚುನಾವಣೆ ಮುಂದೆ ಮುಂದೆ ಹೋಗಿ, ಸುಮಾರು ನಾಲ್ಕು ವರ್ಷ ಈ ನಗರಕ್ಕೆ ನಗರಸೇವಕರೇ ಇರಲಿಲ್ಲ. ಆಯುಕ್ತರೇ ಪ್ರಶಾಸಕರಾಗಿ ಸಾಮಾನ್ಯ ಸಭೆ ಮತ್ತು ಸ್ಥಾಯಿ ಸಮಿತಿಗಳೆರಡರ ಅಧಿಕಾರವನ್ನೂ ಚಲಾಯಿಸಿದರು. ಪ್ರಸ್ತಾವ ಮಂಡಿಸುವವರೂ ಅವರೇ, ಮಂಜೂರು ಮಾಡುವವರೂ ಅವರೇ. ಈಗ ಸಭೆ ಮರಳಿದೆ. ಮಹಾಪೌರರಿಗೊಂದು ಮನವಿ ಕೊಟ್ಟರೆ ನಮ್ಮ ಕನ್ನಡ ಶಾಲೆಯ ಸೋರುವ ಮಾಳಿಗೆ ದುರಸ್ತಿಯಾದೀತು ಎಂಬ ನಿರೀಕ್ಷೆ ಪಾಲಕರಲ್ಲಿ ಮೂಡುವುದು ಸಹಜ. ಆ ನಿರೀಕ್ಷೆ ಅರ್ಧ ಮಾತ್ರ ಸರಿ.

ಮಹಾಪೌರರನ್ನು ಆರಿಸುವವರು ಮತದಾರರಲ್ಲ, ಸದಸ್ಯರು. ಅವಧಿ ಎರಡೂವರೆ ವರ್ಷ. ಆ ಪದವಿ ಯಾವ ವರ್ಗಕ್ಕೆ ಮೀಸಲು ಎಂಬುದನ್ನು ಮುಂಬಯಿಯಲ್ಲಿ ಚೀಟಿ ಎತ್ತಿ ನಿರ್ಧರಿಸಲಾಗುತ್ತದೆ. ಮಹಾಪೌರರು ಸಾಮಾನ್ಯ ಸಭೆಯ ಅಧ್ಯಕ್ಷತೆ ವಹಿಸುತ್ತಾರೆ, ಮತಗಳು ಸಮವಾದಾಗ ನಿರ್ಣಾಯಕ ಮತ ನೀಡುತ್ತಾರೆ, ಊರಿನ ಗೌರವದ ಮುಖವಾಗಿರುತ್ತಾರೆ. ವಾರದ ಮನೆತನದವರು ಕಟ್ಟಿಸಿದ ಇಂದ್ರಭುವನದಲ್ಲಿ ಪಾಲಿಕೆ ನೆಲೆಸಿರುವುದನ್ನು ಕಂಡಾಗ ಆ ಗೌರವದಲ್ಲಿ ನಮಗೂ ಪಾಲಿದೆ ಎನಿಸುತ್ತದೆ, ಅದು ಬೇರೆ ಮಾತು. ಆದರೆ ಮಹಾರಾಷ್ಟ್ರ ಮಹಾನಗರಪಾಲಿಕೆ ಅಧಿನಿಯಮದ ಪ್ರಕಾರ ಕಾರ್ಯಾಂಗದ ಅಧಿಕಾರವಿರುವುದು ಆಯುಕ್ತರಲ್ಲಿ. ಅವರನ್ನು ನೇಮಿಸುವುದು ರಾಜ್ಯ ಸರ್ಕಾರ. ಠರಾವು ಸಭೆಯದು, ಜಾರಿ ಆಯುಕ್ತರದು. ಸಭೆಯ ಠರಾವು ಕಾನೂನಿಗೆ ವಿರುದ್ಧವೆಂದು ಕಂಡರೆ ಅದನ್ನು ಅಮಾನತಿನಲ್ಲಿಡುವ ಅಧಿಕಾರ ಸರ್ಕಾರಕ್ಕಿದೆ.

ಸದಸ್ಯರೆಲ್ಲ ಒಂದಾದರೂ ಆಯುಕ್ತರನ್ನು ಕದಲಿಸುವುದು ಎಷ್ಟು ಕಷ್ಟವೆಂಬುದಕ್ಕೆ ನವಿ ಮುಂಬಯಿಯ ನಿದರ್ಶನವಿದೆ. ನಮ್ಮ ಜಿಲ್ಲಾಧಿಕಾರಿಯಾಗಿದ್ದು ಅಲ್ಲಿಗೆ ಹೋದ ತುಕಾರಾಮ ಮುಂಢೆಯವರ ವಿರುದ್ಧ 2016ರ ಅಕ್ಟೋಬರ್‌ನಲ್ಲಿ ಪಾಲಿಕೆ ಭಾರೀ ಬಹುಮತದಿಂದ ಅವಿಶ್ವಾಸ ಠರಾವು ಅಂಗೀಕರಿಸಿತು. ಸರ್ಕಾರ ಅವರನ್ನು ಕೂಡಲೇ ಹಿಂದಕ್ಕೆ ಕರೆಸಿಕೊಳ್ಳಲಿಲ್ಲ. ವರ್ಗಾವಣೆಯಾದದ್ದು ಮರುವರ್ಷದ ಮಾರ್ಚ್‌ನಲ್ಲಿ.

ಹಾಗಾದರೆ ಚುನಾಯಿತರ ಕೈಯಲ್ಲಿರುವುದೇನು? ಹಣದ ಕೀಲಿ. ಅದೂ ಗದ್ದಲದ ಸಾಮಾನ್ಯ ಸಭೆಗಿಂತ ಹೆಚ್ಚಾಗಿ 16 ಸದಸ್ಯರ ಸ್ಥಾಯಿ ಸಮಿತಿಯಲ್ಲಿ. ಆಯುಕ್ತರು ಸಿದ್ಧಪಡಿಸಿದ ಅಂದಾಜುಪತ್ರಿಕೆ ಮೊದಲು ಈ ಸಮಿತಿಯ ಮುಂದೆ ಬರುತ್ತದೆ. ಸಮಿತಿ ಅದನ್ನು ಹಿಗ್ಗಿಸಿ, ಕುಗ್ಗಿಸಿ, ಹೊಸ ಶೀರ್ಷಿಕೆ ಸೇರಿಸಿ ಸಾಮಾನ್ಯ ಸಭೆಗೆ ಕಳಿಸುತ್ತದೆ. ದೊಡ್ಡ ಗುತ್ತಿಗೆಗಳೂ ಇಲ್ಲಿಂದಲೇ ಹಾದುಹೋಗಬೇಕು. ಪಕ್ಷಗಳು ಈ ಸಮಿತಿಯ ಸಭಾಪತಿ ಸ್ಥಾನಕ್ಕೆ ಹೆಣಗಾಡುವುದು ಸುಮ್ಮನಲ್ಲ. ಶಾಲಾ ದುರಸ್ತಿಗೆ ಅಂದಾಜುಪತ್ರಿಕೆಯಲ್ಲಿ ಶೀರ್ಷಿಕೆ ಇಲ್ಲದಿದ್ದರೆ ಜೂನ್‌ನಲ್ಲಿ ಮಹಾಪೌರರು ಕೊಡುವ ಭರವಸೆಗೆ ಆಧಾರವೇ ಇರುವುದಿಲ್ಲ. ನಾವು ಪಾಲಕರು ಸಾಮಾನ್ಯವಾಗಿ ಎಚ್ಚರಗೊಳ್ಳುವುದು ಮಳೆ ಬಂದ ಮೇಲೆ. ಲೆಕ್ಕ ಮುಗಿಯುವುದು ಮಾರ್ಚ್‌ನಲ್ಲಿ. ಸಾಲದ್ದಕ್ಕೆ ಸಮಿತಿಯ ಅರ್ಧ ಸದಸ್ಯರು ಪ್ರತಿವರ್ಷ ನಿವೃತ್ತರಾಗುತ್ತಾರೆ. ಈ ವರ್ಷ ನಮ್ಮ ಮಾತು ಕೇಳಿದವರು ಮುಂದಿನ ವರ್ಷ ಅಲ್ಲಿರಲಿಕ್ಕಿಲ್ಲ.

ಎಲ್ಲ ಗಡಿನಾಡುಗಳಲ್ಲೂ ವ್ಯವಸ್ಥೆ ಹೀಗೆಯೇ ಇಲ್ಲ. ಕಾಸರಗೋಡು ನಗರಸಭೆಯಲ್ಲಿ ಅಧ್ಯಕ್ಷರನ್ನು ಸದಸ್ಯರೇ ಆರಿಸಿದರೂ ಅವಧಿ ಐದು ವರ್ಷ. ಕಾರ್ಯದರ್ಶಿ ಸಭೆಯ ಅಧೀನದಲ್ಲಿರುವ ಅಧಿಕಾರಿ. ವಾರ್ಡ್ ಸಭೆ ಎಂಬ, ಮತದಾರರೇ ಕುಳಿತು ಮಾತಾಡುವ ಜಾಗವೂ ಅಲ್ಲಿ ಕಾನೂನುಬದ್ಧವಾಗಿದೆ. ಅಲ್ಲಿಯ ಕನ್ನಡಿಗರು ಆ ಸಭೆಗೆ ಹೋಗದೆ ಉಳಿದರೆ ತಮ್ಮ ಕೈಯನ್ನು ತಾವೇ ಕಟ್ಟಿಕೊಂಡಂತೆ. ಸೋಲಾಪುರದಲ್ಲಿ ಅಂಥ ಜಗಲಿ ಇಲ್ಲ. ಬಹುತೇಕ ಪ್ರಭಾಗಗಳಿಂದ ನಾಲ್ವರು ಸದಸ್ಯರು ಆರಿಸಿ ಬರುವುದರಿಂದ, ಶಾಲೆಯ ವಿಷಯ ತೆಗೆದರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುವುದಕ್ಕೂ ಅವಕಾಶ ಧಾರಾಳ. ನಾಲ್ವರು ಜೊತೆಗಿದ್ದರೆ ಬಲ ಹೆಚ್ಚೆಂಬ ವಾದವನ್ನು ನಾವು ಒಪ್ಪಲಾರೆವು.

ಪಾಲಿಕೆಗೆ ಸೇರದ ಸಂಗತಿಯನ್ನು ಪಾಲಿಕೆಯ ಬಳಿ ಕೇಳಿ ಕಾಲ ಕಳೆಯುವುದೂ ಉಂಟು. ಶಾಲೆಗೆ ಎಷ್ಟು ಶಿಕ್ಷಕರು ಎಂಬುದು ರಾಜ್ಯದ ಸಂಚಮಾನ್ಯತೆಯ ನಿಯಮದಿಂದ, ಪಟದಲ್ಲಿರುವ ಮಕ್ಕಳ ಸಂಖ್ಯೆಯ ಮೇಲೆ ತೀರ್ಮಾನವಾಗುತ್ತದೆ. ಅದಕ್ಕೆ ಮನವಿ ಹೋಗಬೇಕಾದದ್ದು ಶಿಕ್ಷಣ ಇಲಾಖೆಗೆ. ಆದರೆ ಪಾಲಿಕೆಯ ಶಾಲೆಯ ಕಟ್ಟಡ, ನೀರು, ಶೌಚಾಲಯಗಳು ಪಾಲಿಕೆಯ ಹೊಣೆ. ಪ್ರಾಥಮಿಕ ಶಿಕ್ಷಣ ಅದರ ಕಡ್ಡಾಯ ಕರ್ತವ್ಯಗಳಲ್ಲೊಂದು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯನ್ನು ನಾವು ಸಭೆಗಳಲ್ಲಿ ಆಗಾಗ ಉಚ್ಚರಿಸುತ್ತೇವೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಒದಗಿಸಲು ಪ್ರಯತ್ನಿಸಬೇಕಾದವರಲ್ಲಿ ಅದು ರಾಜ್ಯದ ಜೊತೆಗೆ ಸ್ಥಳೀಯ ಪ್ರಾಧಿಕಾರವನ್ನೂ ಹೆಸರಿಸುತ್ತದೆ ಎಂಬುದನ್ನು ಗಮನಿಸುವವರು ಕಡಿಮೆ. ಸೋಲಾಪುರದಲ್ಲಿ ಆ ಪ್ರಾಧಿಕಾರ ಎಂದರೆ ಇಂದ್ರಭುವನವೇ.

ಇನ್ನೊಂದು ದಾಖಲೆ ನಮ್ಮ ಕೈಯಲ್ಲೇ ಇದೆ. ಶಿಕ್ಷಣ ಹಕ್ಕು ಕಾಯ್ದೆಯಂತೆ ಶಾಲಾ ವ್ಯವಸ್ಥಾಪನ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪಾಲಕರು. ಆ ಸಮಿತಿ ತಯಾರಿಸುವ ಶಾಲಾ ವಿಕಾಸ ಯೋಜನೆಯೇ ಸರ್ಕಾರ ಅಥವಾ ಸ್ಥಳೀಯ ಪ್ರಾಧಿಕಾರದ ಅನುದಾನಕ್ಕೆ ಆಧಾರವಾಗಬೇಕೆಂದು ಕಾಯ್ದೆ ಹೇಳುತ್ತದೆ. ಯೋಜನೆಯನ್ನು ಮುಖ್ಯಾಧ್ಯಾಪಕರೊಬ್ಬರೇ ಬರೆದು ಕಪಾಟಿನಲ್ಲಿಡುವುದು ಬೇಡ. ಕೊಠಡಿ, ಮಾಳಿಗೆ, ನಲ್ಲಿಗಳ ಲೆಕ್ಕ ಬರೆದು, ಸಮಿತಿಯ ಠರಾವಿನೊಂದಿಗೆ ಡಿಸೆಂಬರ್ ಒಳಗೆ ಆಯುಕ್ತರ ಕಚೇರಿಗೆ ಕೊಟ್ಟು ಆವಕ ಕ್ರಮಾಂಕ ಪಡೆಯಬೇಕು. ಒಂದು ಪ್ರತಿ ಸ್ಥಾಯಿ ಸಮಿತಿಯ ಸಭಾಪತಿಗೆ, ಒಂದೊಂದು ಪ್ರಭಾಗದ ನಾಲ್ವರಿಗೂ. ಮಹಾಪೌರರಿಗೆ ಕೊಡುವ ಪ್ರತಿಯ ಮೇಲೆ ಆ ಆವಕ ಕ್ರಮಾಂಕ ಬರೆದಿರಲಿ.